ಯಾರಿಗೂ ಕಾಯದ ಕಾಕಾ

ನಮ್ಮ ಕಾಕಾಗೆ ಇಬ್ಬರು ಹೆಂಡಿರು, ಮನೆಯಲ್ಲಿ ಹಿರಿಯವಳದೇ ದರ್ಬಾರು ಎಂದರೆ ನಂಬುತ್ತೀರಾ? ಗಾಬರಿ ಬೇಡ! ಕಿರಿಯವಳು ನನ್ನ ಮೌಶಿ, ಅಂದರೆ ಅವ್ವನ ತಂಗಿ, ಧಾರವಾಡದಿಂದ ಲಂಡನ್ನಿಗೆ ಬಂದ ಡಾಕ್ಟರ್. ಹಿರಿಯವಳು ಡಬಲ್ ಬಾಸ್, ಆಳಿಗಿಂತ ಎತ್ತರದ ಪಿಟೀಲು ಅನ್ನಿ. ಅಮೆರಿಕದವರಾದ ಕಾಕಾ ಅಲ್ಲಿಯ ಜಾಝ್ ತಂಡಗಳಲ್ಲಿ ಅದನ್ನು ನುಡಿಸುತ್ತ ಹರೆಯ ಕಳೆದವರು. ಕಛೇರಿಗೆಂದು ಲಂಡನ್ನಿಗೆ ಬಂದು, ಜ್ವರ ಹಿಡಿದು ಮೌಶಿಯ ವಾರ್ಡಿನಲ್ಲಿ ಮಲಗಿದವರು ಆಕೆಯನ್ನೇ ಮದುವೆಯಾಗಿ, ಇಲ್ಲೇ ಉಳಿದು ಸಂಗೀತದ ಮೇಷ್ಟರಾದರು. ಧಾರವಾಡದ ಕನ್ನಡವನ್ನೂ ಕಲಿತರು, ಮುಖ್ಯವಾಗಿ ಬೈಯಲಿಕ್ಕೆ.

ಕಾರಿನಲ್ಲಿ ಬಾಸ್‌ಗೆ ಮುಂದಿನ ಸೀಟು, ಬೆಲ್ಟ್ ಸಮೇತ! ಮೌಶಿ ಹಿಂದೆ, ಹ್ಯಾರೋ ಪೇಟೆಯಲ್ಲಿ ಕೊಂಡ ಅಕ್ಕಿ ಚೀಲದ ಪಕ್ಕ.

"ನನಗೇನ್ ಸಂಕಟ ಇಲ್ಲವ್ವಾ," ಅನ್ನುತ್ತಿದ್ದಳು ಮೌಶಿ. "ಆಕಿ ಮಾತಾಡಿದ್ರ ಇವರು ಕೇಳ್ತಾರ. ನಾ ಮಾತಾಡಿದ್ರ ಆಕಳಸ್ತಾರ."

ಲಂಡನ್ನಿನ ಪಿನ್ನರ್‌ನಲ್ಲಿರುವ ಅವರ ಮನೆಗೆ ಬರುವ ಹೊಸ ಶಿಷ್ಯರಿಗೆ ಬಾಸ್ ಮುಟ್ಟುವ ಭಾಗ್ಯವಿಲ್ಲ. ಮೊದಲು ಹಿತ್ತಲಿನಲ್ಲಿ ನಡೆಯಬೇಕು, ಕಾಕಾ ಕೋಲಿನಿಂದ ಬಡಿಯುವ ತಾಳಕ್ಕೆ ಸರಿಯಾಗಿ. ಬೆಂಗಳೂರಿನ ತಾಯಿಯೊಬ್ಬಳು ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಅಂಕಲ್, ನನ್ ಮಗಳು ಮ್ಯೂಸಿಕ್ ಕಲಿಯಕ್ಕೆ ಬಂದಿರೋದು, ವಾಕಿಂಗ್ ಮಾಡಕ್ಕಲ್ಲ!"

"ಹಿಂದ್ ಬಿದ್ದವರನ್ನ ತಾಳ ಕಾಯಂಗಿಲ್ರಿ ಅಕ್ಕಾರ," ಎಂದರು ಕಾಕಾ. "ನಾನೂ ಕಾಯಂಗಿಲ್ಲ."

ಮಗಳು "ಮಮ್, ಪ್ಲೀಸ್!" ಎಂದು ಮುಖ ಮುಚ್ಚಿಕೊಂಡಳು.

ಹೋದ ಚಳಿಗಾಲದಲ್ಲಿ ಮೌಶಿಗೆ ಲಕ್ವ ಹೊಡೆಯಿತು. ಎಡಗಾಲು ಮಾತು ಕೇಳದಾಯಿತು. ದಿನವೂ ನಡೆಸಿ, ಇಲ್ಲದಿದ್ದರೆ ಕಾಲು ಹಾಗೇ ಉಳಿದೀತು ಎಂದು ಫಿಸಿಯೋ ಹೇಳಿಹೋದಳು. ಮೌಶಿ ಏಳಲೊಲ್ಲಳು. ಎಷ್ಟೋ ರೋಗಿಗಳಿಗೆ ಧೈರ್ಯ ಹೇಳಿದವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಆಕೆ ಇನ್ನು ನಡೆಯುವುದಿಲ್ಲವೇನೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಮೊನ್ನೆ ಶನಿವಾರ ಹೋದಾಗ ಬಾಗಿಲಲ್ಲೇ ಬಾಸ್ ಕೇಳಿಸಿತು. ಒಂದು ಸ್ವರ ಬಂದು ನಿಂತುಹೋಗುತ್ತಿತ್ತು. ಮರೆತೇಹೋಯಿತೇನೋ ಅನ್ನುವಷ್ಟರಲ್ಲಿ ಇನ್ನೊಂದು. ಇಷ್ಟು ಕೆಟ್ಟ ತಾಳವನ್ನು ಆ ಮನೆಯಲ್ಲಿ ನಾನು ಕೇಳಿದ್ದೇ ಇಲ್ಲ! ಇವತ್ತು ಯಾವ ಶಿಷ್ಯನ ಗ್ರಹಚಾರವೋ ಎಂದು ಒಳಗಿಣುಕಿದೆ.

ಮೌಶಿ ವಾಕರ್ ಹಿಡಿದು ನಿಂತಿದ್ದಳು. ಎದುರಿಗೆ ಬಾಸ್ ಅಪ್ಪಿಕೊಂಡು ನಿಂತ ಕಾಕಾ ಆಕೆಯ ಎಡಗಾಲನ್ನೇ ನೋಡುತ್ತಿದ್ದರು. ಅದು ನಡುಗಿತು, ಮುಂದೆ ಸರಿಯಿತು, ಕೊನೆಗೂ ನೆಲ ಮುಟ್ಟಿತು. ಆಗ ತಂತಿ ಮೀಟಿದರು.

"ತಾಳ ಹಿಂದ್ ಬಿತ್ತಲ್ರೀ," ಮೌಶಿ ಏದುಸಿರಿನಲ್ಲೇ ಕೆಣಕಿದಳು. "ಶಿಷ್ಯಾರ್ ನೋಡಿದ್ರ ನಗತಾರ."

"ನಗಲಿ," ಎಂದರು ಕಾಕಾ. "ನೀ ಕಾಲ ಇಡು. ನಾ ಕಾಯ್ತೀನಿ."