ಅಣ್ಣಪ್ಪನವರ ಆತ್ಮಕಥೆಯ ಮೂರು ಮದುವೆಗಳು

೨೦೨೪ನೆಯ ಇಸವಿ ಡಿಸೆಂಬರ್ ೧೨, ಗುರುವಾರ, ಕ್ರೋಧಿ ಸಂವತ್ಸರದ ಮಾರ್ಗಶಿರ ಶುದ್ಧ ದ್ವಾದಶಿ, ಹೇಮಂತ ಋತು. ಹತ್ತು ಗಂಟೆಯಾದರೂ ಮಂಜು ಕರಗಿರಲಿಲ್ಲ. ಜಾದವ್‌ಪುರದ ಬೀದಿಯಲ್ಲಿ ಯಾರೂ ಮಂಕಿ ಟೋಪಿ ಕಳಚಿರಲಿಲ್ಲ. ಬರುವ ಭಾನುವಾರ ಬಿಡುಗಡೆಯಾಗಬೇಕಿದ್ದ ಆತ್ಮಕಥೆಯೊಂದರ ಕರಡನ್ನು ಅಂದು ಸಂಜೆಯೊಳಗೆ ಅಚ್ಚಿಗೆ ಒಪ್ಪಿಸಬೇಕಿತ್ತು. ಬರೆದವರು, ಅದೇ ಮಹಾನಗರದ ಸಗಟು ಪೇಟೆಯಾದ ಪೋಸ್ತಾ ಬಜಾರಿನಲ್ಲಿ ನಲವತ್ತು ವರ್ಷ ಕಾಳುಮೆಣಸಿನ ಸಗಟು ವ್ಯಾಪಾರ ನಡೆಸಿ, ತಕ್ಕಡಿ ಕೆಳಗಿಟ್ಟು ಲೇಖನಿ ಹಿಡಿದ ಕುಂದಾಪುರ ಮೂಲದ ಅಣ್ಣಪ್ಪನವರು. ಕರಡು ತಿದ್ದಿದವನು ನಾನು, ರೈಲ್ವೆಯ ನಿವೃತ್ತ ನೌಕರ. ನಾನು ಅವರ ಮನೆಯೊಳಗೆ ಕಾಲಿಟ್ಟಾಗ ಅವರ ಪತ್ನಿ ಗುಲಾಬಿಯಮ್ಮನವರು ಕರಡಿನ ಕಟ್ಟಿನ ಮೇಲೆ ಕುಳಿತಿದ್ದರು. ಮೇಲೆ ಎಂದರೆ ಮೇಲೆಯೇ.

ಅಣ್ಣಪ್ಪ: ಏಳು ಮಾರಾಯ್ತಿ. ಪ್ರೆಸ್ಸಿನವ ಆರು ಗಂಟೆಗೆ ಬಾಗಿಲು ಹಾಕ್ತಾನೆ.

ಗುಲಾಬಿ: ಹಾಕಲಿ. ಭಾನುವಾರ ನನ್ನ ಅಣ್ಣ, ತಮ್ಮ ಎಲ್ಲ ಊರಿಂದ ಬರ್ತಾರೆ. ಭಾವನ ಉಳಿದೆರಡು ಹೆಂಡ್ತಿಯರು ಎಲ್ಲಿ ಅಂತ ಕೇಳಿದ್ರೆ ನಾನೆಂತ ಹೇಳ್ಲಿ?

ಅಣ್ಣಪ್ಪ: ಉಳಿದೆರಡು ಎಲ್ಲಿಂದ ಬಂತು? ಎಲ್ಲ ನೀನೇ.

ಗುಲಾಬಿ: ರಾಯರೇ, ನೀವು ಓದಿದವರು. ನೀವೇ ಹೇಳಿ.

ನಾನು: ಮೊದಲ ಪುಟದಲ್ಲಿ ೧೯೮೩ರ ಮೇ ೧೨, ಹಸಿರು ಸೀರೆಯ ವಧು. ನಟ್ಟನಡುವಿನ ಪುಟದಲ್ಲಿ ೧೯೮೪ರ ಫೆಬ್ರವರಿ ೫, ಕೆಂಪು ಸೀರೆಯ ವಧು. ಕೊನೆಯ ಪುಟದಲ್ಲಿ ೧೯೮೬ರ ನವೆಂಬರ್ ೩೦, ಹಳದಿ ಸೀರೆಯ ವಧು. ಮೊದಲಿನವರು ಮುಂದೆ ಏನಾದರು ಎಂಬುದು ಎಲ್ಲಿಯೂ ಇಲ್ಲ.

ಗುಲಾಬಿ: ಕೇಳಿತಾ? ನಾನು ಸತ್ತೆನೋ ಬದುಕಿದೆನೋ, ಅಷ್ಟೂ ಬರೀಲಿಲ್ಲ.

ಅಣ್ಣಪ್ಪ: ನೀವಿಬ್ರೂ ಶಾಲೆ ಕಂಡವರು, ಪೇಟೆ ಕಂಡವರಲ್ಲ. ಮೆಣಸಿನ ಗೋಣಿ ಬಂದ್ರೆ ಗಿರಾಕಿ ಅದನ್ನ ಬಿಚ್ಚುದಿಲ್ಲ. ಕಬ್ಬಿಣದ ಕೊಳವೆ ತಗೊಂಡು ಮೂರು ಕಡೆ ಚುಚ್ತಾನೆ. ಮೇಲೆ, ನಡು, ಬುಡ. ಅಲ್ಲಿ ಬಂದ ಕಾಳು ನೋಡಿ ರೇಟು ಹೇಳ್ತಾನೆ. ಪುಸ್ತಕದ ಅಂಗಡಿಯಲ್ಲೂ ಹಾಗೇ. ಮೊದಲ ಪುಟ ನೋಡ್ತಾರೆ, ನಡುವಲ್ಲಿ ಬಿಡಿಸ್ತಾರೆ, ಕೊನೆ ನೋಡ್ತಾರೆ. ನನ್ನ ಜನ್ಮದಲ್ಲಿ ಒಳ್ಳೆ ಕಾಳು ಅಂತ ಇದ್ದದ್ದು ಇವಳ ಮದುವೆ ಒಂದೇ. ಮೂರೂ ಕಡೆ ಅದನ್ನೇ ತುಂಬಿಸಿದೆ.

ಗುಲಾಬಿಯಮ್ಮನವರ ಮುಖ ಸ್ವಲ್ಪ ಸಡಿಲವಾಯಿತು. ಅವರು ಒಂದಂಗುಲ ಮೇಲೆದ್ದರು. ಅಣ್ಣಪ್ಪನವರು ಕೈ ಚಾಚಿದರು. ಅವರು ಮತ್ತೆ ಕುಳಿತರು.

ಗುಲಾಬಿ: ಉಳಿದ ಗೋಣಿಯಲ್ಲಿ ಎಂತ ಉಂಟು?

ಅಣ್ಣಪ್ಪ: ಮೆಣಸಿನ ಧಾರಣೆ. ವರ್ಷಾವರ್ಷದ್ದು.

ಗುಲಾಬಿ: ಮಗಳು ಮೈತ್ರಿ ಹುಟ್ಟಿದ್ದು?

ಅಣ್ಣಪ್ಪ: ಧಾರಣೆ ಬಿದ್ದ ವರ್ಷ ಅದು. ಅಲ್ಲೇ ಕೆಳಗೆ ಒಂದು ಸಾಲು ಉಂಟು.

ಗುಲಾಬಿ: ಆಯ್ತು. ಸೀರೆ ಮೂರು ಬಣ್ಣ ಯಾಕೆ? ತಾರೀಕು ಮೂರು ಯಾಕೆ?

ಅಣ್ಣಪ್ಪ: ಮೂರು ಕಡೆಯೂ ಒಂದೇ ತರ ಕಾಳು ಬಂದ್ರೆ ಗಿರಾಕಿಗೆ ಸಂಶಯ ಬರ್ತದೆ, ಯಾರೋ ಗೋಣಿಗೆ ಕೈ ಹಾಕಿದ್ದಾರೆ ಅಂತ.

ಗುಲಾಬಿ: ನಾನು ನಿಜಕ್ಕೂ ಉಟ್ಟದ್ದು ಯಾವ ಬಣ್ಣ?

ಅಣ್ಣಪ್ಪನವರು ಫ್ಯಾನನ್ನು ನೋಡಿದರು. ಅದು ನವೆಂಬರಿನಿಂದ ತಿರುಗಿರಲಿಲ್ಲ. ಅನಂತರ ನನ್ನನ್ನು ನೋಡಿದರು.

ನಾನು: ನಾನು ಈ ಊರಿಗೆ ಬಂದದ್ದೇ ೧೯೮೯ರ ಜೂನ್ ೧ರಂದು.

ಗುಲಾಬಿ: ನೀಲಿ.

ಅಣ್ಣಪ್ಪ: ಅದೇ ನೀಲಿ. ಅದನ್ನ ಎರಡನೇ ಮುದ್ರಣಕ್ಕೆ ಅಂತ ತೆಗೆದಿಟ್ಟದ್ದು.

ನಾನು: ನಿಮ್ಮ ಲಗ್ನಪತ್ರಿಕೆ ನೋಡಿದ್ದೇನೆ, ತಾರೀಕು ಮೊದಲನೆಯದೊಂದೇ ಸರಿ. ಅಲ್ಲದೆ, ೧೯೫೫ರ ಮೇ ೧೮ರ ವಿವಾಹ ಕಾಯಿದೆಯ ಪ್ರಕಾರ ಉಳಿದೆರಡು ಅಪರಾಧ.

ಅಣ್ಣಪ್ಪ: ಕಾಯಿದೆ ಮನುಷ್ಯರಿಗೆ ರಾಯರೇ. ಇದು ಸರಕು.

ಗುಲಾಬಿ: ಎರಡನ್ನ ತೆಗೀರಿ. ಏಳ್ತೇನೆ.

ಅಣ್ಣಪ್ಪ: ತೆಗೆದ್ರೆ ಪುಟ ಎಲ್ಲ ಜಾರಿ ನಡುವಿಗೆ ತೊಂಬತ್ತೆರಡರ ಧಾರಣೆ ಬಂದು ಕೂತ್ಕೊಳ್ತದೆ. ಯಾರು ತಗೊಳ್ತಾರೆ?

ಗುಲಾಬಿ: ಹಾಗಾದ್ರೆ ನಾನೂ ಕೂತ್ಕೊಳ್ತೇನೆ.

ಆಗ ಅಣ್ಣಪ್ಪನವರು ಹೆಗಲ ಮೇಲಿನ ಟವೆಲು, ಅಲ್ಲಿಯವರ ಗಮ್ಛಾ, ತೆಗೆದು ತಮ್ಮ ಬಲಗೈಯ ಮೇಲೆ ಹೊದಿಸಿದರು. ಅವರ ಪೇಟೆಯಲ್ಲಿ ದೊಡ್ಡ ವ್ಯಾಪಾರಗಳು ಬಾಯಿಮಾತಿನಲ್ಲಿ ಕುದುರುವುದಿಲ್ಲ. ಕೊಳ್ಳುವವನೂ ಮಾರುವವನೂ ಬಟ್ಟೆಯ ಮರೆಯಲ್ಲಿ ಪರಸ್ಪರ ಬೆರಳು ಹಿಡಿದು ದರ ಹೇಳುತ್ತಾರೆ, ಪಕ್ಕದವರಿಗೆ ತಿಳಿಯದಂತೆ. ಗುಲಾಬಿಯಮ್ಮನವರು ಬಳೆ ಹಿಂದಕ್ಕೆ ಸರಿಸಿ ತಮ್ಮ ಕೈಯನ್ನೂ ಅದರೊಳಗೆ ತೂರಿಸಿದರು. ಗಮ್ಛಾ ಬಹಳ ಹೊತ್ತು ಅಲುಗಾಡಿತು.

ಅಣ್ಣಪ್ಪ: ವರ್ಷಾವರ್ಷವಾ?

ಗುಲಾಬಿ: ವರ್ಷಾವರ್ಷ.

ಅಣ್ಣಪ್ಪ: ಮೂರೂನಾ?

ಗುಲಾಬಿ: ಅಚ್ಚಾಗುದು ಮೂರಲ್ವಾ?

ಅಣ್ಣಪ್ಪ: ಆಯ್ತು, ಬೆರಳು ಬಿಡು. ಭಾನುವಾರ ಸಹಿ ಹಾಕ್ಲಿಕ್ಕೆ ಬೇಕು.

ಗುಲಾಬಿಯಮ್ಮನವರು ಎದ್ದರು. ಕರಡು ಬೆಚ್ಚಗಿತ್ತು.

ನಾನು: ಏನು ಒಪ್ಪಂದವಾಯಿತು?

ಗುಲಾಬಿ: ಗಮ್ಛಾದ ಒಳಗಿನ ಮಾತು ಹೊರಗೆ ಹೇಳುವ ಕ್ರಮ ಇಲ್ಲ ರಾಯರೇ.

ಡಿಸೆಂಬರ್ ೧೫, ಭಾನುವಾರ ಸಂಜೆ ಬಿಡುಗಡೆ. ಮುಖ್ಯ ಅತಿಥಿಗಳು ಬ್ಯಾಂಕಿನ ನಿವೃತ್ತ ಅಧಿಕಾರಿಗಳು. ಮುಖ್ಯ ಅತಿಥಿಗಳ ವಾಡಿಕೆಯಂತೆ ಪುಸ್ತಕವನ್ನು ಮೂರು ಕಡೆ ಬಿಡಿಸಿ ನೋಡಿ ಬಂದಿದ್ದರು.

ಅತಿಥಿ: ಮೂವರು ಪತ್ನಿಯರನ್ನೂ ಸಮಾನ ಗೌರವದಿಂದ ಚಿತ್ರಿಸಿರುವುದು ಈ ಕೃತಿಯ ಹಿರಿಮೆ. ಆ ಮೂವರು ತಾಯಂದಿರೂ ವೇದಿಕೆಗೆ ಬರಬೇಕೆಂದು ಪ್ರಾರ್ಥಿಸುತ್ತೇನೆ.

ಮೊದಲ ಸಾಲಿನಲ್ಲಿ ಗುಲಾಬಿಯಮ್ಮನವರ ಸೋದರರು ಭಾವನ ಕಡೆ ತಿರುಗಿದರು. ಭಾವ ಮೇಜಿನ ಕೆಳಗೆ ಚಪ್ಪಲಿ ಹುಡುಕತೊಡಗಿದರು. ನೀಲಿ ಸೀರೆಯುಟ್ಟಿದ್ದ ಗುಲಾಬಿಯಮ್ಮನವರು ನಿಧಾನವಾಗಿ ಮೆಟ್ಟಿಲು ಹತ್ತಿ ಮೈಕು ಹಿಡಿದರು.

ಗುಲಾಬಿ: ಒಬ್ಬಳು ಮನೆಯಲ್ಲಿ ಇವರ ಅಡಿಗೆ ಮಾಡ್ತಿದ್ದಾಳೆ. ಒಬ್ಬಳು ಬಾಗಿಲ ಹತ್ರ ಇವರ ಪುಸ್ತಕ ಮಾರ್ತಿದ್ದಾಳೆ. ಭಾಷಣ ಕೇಳ್ಲಿಕ್ಕೆ ಮಾತ್ರ ನನ್ನನ್ನ ಕಳ್ಸಿದ್ದು.

ಸೋದರರೇ ಮೊದಲು ಚಪ್ಪಾಳೆ ತಟ್ಟಿದರು.

ತರುವಾಯ ನಡೆದದ್ದು ಇಷ್ಟು. ೨೦೨೫ರಲ್ಲಿ ಈ ದಂಪತಿಗಳ ವಿವಾಹ ವಾರ್ಷಿಕೋತ್ಸವವು ಫೆಬ್ರವರಿ ೫, ಬುಧವಾರ; ಮೇ ೧೨, ಸೋಮವಾರ; ಮತ್ತೆ ನವೆಂಬರ್ ೩೦, ಭಾನುವಾರ ನೆರವೇರಿತು. ಕ್ರಮವಾಗಿ ಕೆಂಪು, ಹಸಿರು, ಹಳದಿ ರೇಷ್ಮೆ ಸೀರೆಗಳು ಬಂದವು. ಮೂರು ಊಟಕ್ಕೂ ನಾನು ಹಾಜರಿದ್ದೆ. ಡಿಸೆಂಬರ್ ೧ರಂದು ಅಣ್ಣಪ್ಪನವರು ಎರಡನೆಯ ಮುದ್ರಣದ ಕರಡನ್ನು ಸಿದ್ಧಪಡಿಸಿದರು. ಅದರಲ್ಲಿ ಮದುವೆ ಒಂದೇ, ತಾರೀಕು ಸರಿಯಿದೆ, ಸೀರೆ ನೀಲಿ. ಆ ಕರಡಿನ ಮೇಲೆ ಗುಲಾಬಿಯಮ್ಮನವರು ಕುಳಿತಿದ್ದಾರೆ.