ಬಾನಿಯ ತಳದ ಪೆಪ್ಟೈಡ್

ಚಪ್... ಚಪ್... ಯಾರೋ ಕತ್ತಲನ್ನು ನಿಧಾನವಾಗಿ ನೆಕ್ಕುತ್ತಿರುವ ಹಾಗೆ ಸದ್ದು. ಸಂತೆಕಟ್ಟೆಯ ಬಾಡಿಗೆ ಕೋಣೆಯಲ್ಲಿ ಮಲಗಿದ್ದ ಯಶ್ಮಿತಾಳ ಕನಸಿನೊಳಗೆ ಅದು ಕಾಪುವಿನ ಕಡಲಾಯಿತು. ಮಗ್ಗುಲು ಬದಲಿಸಿ ಆ ಅಲೆಯ ಮೇಲೆಯೇ ತೇಲಿಹೋದಳು.

ಬೆಳಿಗ್ಗೆ ನೋಡಿದರೆ, ಬಾವಿಕಟ್ಟೆಯ ತಣ್ಣೀರಿನ ಬಕೆಟ್ಟಿನಲ್ಲಿಟ್ಟಿದ್ದ ಸೀಸೆ ಖಾಲಿ! ಎಳ್ಳೆಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಿಂದ ಎಂಟು ತಿಂಗಳು ಹೆಣಗಿ ಅವಳು ತೆಗೆದ ಪೆಪ್ಟೈಡ್, ಅಂದರೆ ಪ್ರೋಟೀನಿನ ತುಣುಕುಗಳ ದ್ರಾವಣ, ಅದರಲ್ಲಿತ್ತು. ಮಣಿಪಾಲದ ಲ್ಯಾಬಿನ ಫ್ರಿಜ್ಜು ಕೆಟ್ಟದ್ದಕ್ಕೆ ಮನೆಗೆ ತಂದಿದ್ದಳು. ಇವತ್ತು ಅದು ನೇರಳೆ ದ್ರಾವಣವನ್ನು ಹಳದಿ ಮಾಡಿದರೆ ಒಳ್ಳೆಯ ಆಂಟಿಆಕ್ಸಿಡೆಂಟ್ ಎಂದರ್ಥ, ಫೆಲೋಶಿಪ್ಪು ಉಳಿಯುತ್ತದೆ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಊರಿಗೆ, ಕಾರ್ಕಳದ ಬಸ್ಸು.

ಮನೆಯ ಯಜಮಾನಿ ಅಪ್ಪಿಯಕ್ಕ ನಸುಕಿಗೇ ಬನ್ನಂಜೆಗೆ ಹೋಗಿದ್ದರು. ಬೇಲಿಯಾಚೆಯಿಂದ ಪಕ್ಕದ ಮನೆಯ ಭುಜಂಗಣ್ಣ ಕತ್ತು ಚಾಚಿದರು.

"ರಾತ್ರಿಯಿಡೀ ಆ ದನ ಕುಡಿದದ್ದೇ ಕುಡಿದದ್ದು! ಅಪ್ಪಿಯಕ್ಕ ಬಾನಿಗೆ ಹಿಂಡಿ ಸುರಿದಿದ್ದಾರೆ, ಅಲ್ವಾ?"

ಹಿಂಡಿ ಎಂದರೆ ತನ್ನ ಸೀಸೆಯದ್ದೇ ಎಂದುಕೊಂಡ ಯಶ್ಮಿತಾ ದನಕ್ಕೆ ಕುಡಿಯಲು ಇಟ್ಟ ಬಾನಿಯತ್ತ ಓಡಿದಳು. ಬಾನಿಯ ತಳದಲ್ಲಿ ಎರಡು ಲೋಟದಷ್ಟು ಉಳಿದಿತ್ತು. ದನ ಕಪಿಲೆ ಸಭಾಧ್ಯಕ್ಷೆಯ ಗಾಂಭೀರ್ಯದಲ್ಲಿ ಮೂತಿ ನೆಕ್ಕಿಕೊಳ್ಳುತ್ತಿತ್ತು. ಉಳಿದದ್ದನ್ನು ದುಪ್ಪಟ್ಟಾದಲ್ಲಿ ಸೋಸಿ ಸೀಸೆಗೆ ತುಂಬಿ ಬಸ್ಸು ಹತ್ತಿದಳು.

ಲ್ಯಾಬಿನಲ್ಲಿ ಒಂದೇ ಹನಿ. ನೇರಳೆ ಕರಗಿತು; ಸಂಜೆ ಬಿಸಿಲಿನಂಥ ಹಳದಿ ಹರಡಿತು.

"ಎಂತ ಮಾರಾಯ್ತಿ ಇದು!" ಗೈಡ್ ಕಜೆಟನ್ ಸರ್ ಕುರ್ಚಿಯಿಂದೆದ್ದರು. "ಹತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ. ಸೋಮವಾರ ಫೆಲೋಶಿಪ್ಪು ಕೊಡುವ ದೆಹಲಿಯವರು ಬರ್ತಾರೆ. ಇದೇ ಎಳ್ಳಿನ ಪೆಪ್ಟೈಡ್ ಒಂದು ಲೀಟರ್ ಮಾಡಿಡಿ."

ಸಂಜೆ ಗಾಳಿಯಲ್ಲಿ ನಡೆದಂತೆ ಮನೆಗೆ ಬಂದಳು. ಅಪ್ಪಿಯಕ್ಕ ಬಸಳೆ ಕೊಯ್ಯುತ್ತಿದ್ದರು.

"ನಿನ್ನ ಸೀಸೆಯದ್ದು ನಾನೇ ಚೆಲ್ಲಿದೆ ಮಗಾ. ಎಂಥಾ ವಾಸನೆ! ಬಸಳೆ ಬುಡಕ್ಕೆ ಹಾಕಿದೆ."

"ಬಸಳೆಗಾ? ಕಪಿಲೆಗಲ್ವಾ?"

"ಗಬ್ಬದ ದನಕ್ಕೆ ಹಾಳಾದದ್ದು ಕೊಡ್ಲಿಕ್ಕುಂಟಾ?"

"ಹಾಗಾದ್ರೆ ಬಾನಿಯಲ್ಲಿ..."

"ಅಕ್ಕಚ್ಚು! ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ, ಮಾವಿನ ಸಿಪ್ಪೆ. ಮತ್ತೆಂತ ಇರ್ತದೆ? ಈಗಷ್ಟೇ ಬಾನಿ ತಿಕ್ಕಿ ತೊಳೆದೆ, ನೋಡು, ಕನ್ನಡಿಯ ಹಾಗೆ ಉಂಟು."

ಹೌದು, ಹಾಗೆಯೇ ಹೊಳೆಯುತ್ತಿತ್ತು. ಬಗ್ಗಿ ನೋಡಿದವಳಿಗೆ ತನ್ನದೇ ಮುಖ ಕಂಡಿತು. ಪಕ್ಕದಲ್ಲಿ ಕಪಿಲೆಯದು, ಎಲ್ಲ ಗೊತ್ತಿರುವಂತೆ.

ಯಾರಿಗೂ ಹೇಳುವುದು ಬೇಡ ಎಂದುಕೊಂಡಳು ಯಶ್ಮಿತಾ. ಆಮೇಲೆ ಮೆಲ್ಲಗೆ ಕೇಳಿದಳು: "ಅಪ್ಪಿಯಕ್ಕಾ, ಮಾವಿನ ಸಿಪ್ಪೆ ಎಷ್ಟು ಹಾಕಿದ್ರಿ?"