ನಾಲ್ಕಡಿಯ ಗೆರೆ

ನಮ್ಮ ಭಾವನವರಿಗೆ ಸಂತೋಷದ ಬಗ್ಗೆ ಯಾವ ತಕರಾರೂ ಇಲ್ಲ. ಅದು ಬೆಳಿಗ್ಗೆ ಆರೂವರೆಗೆ ಶುರುವಾಗಬೇಕು, ಅಷ್ಟೇ. ಎಂಟಕ್ಕೆ ಶುರುವಾಗುವ ಸಂತೋಷವನ್ನು ಅವರು ನಂಬುವುದಿಲ್ಲ. ಬಿಸಿಲೇರಿದ ಮೇಲೆ ಯಾವ ಕೆಲಸ ತಾನೇ ನೆಟ್ಟಗೆ ಆಗುತ್ತದೆ?

ಭಾವನವರೆಂದರೆ ನನ್ನ ಗಂಡನ ಅಣ್ಣ. ಕೊಡಿಗೇಹಳ್ಳಿಯಲ್ಲಿ ಇವರ ಮನೆತನದವರು ಹಿಂದೆ ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಜಾಗದಲ್ಲಿ ಇವರು ಈಗ ಕಟ್ಟಡ ಬೆಳೆಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಕೆಳಗಿನ ಮನೆಯಲ್ಲಿ ನಾವು, ಮೇಲಿನ ಮನೆಯಲ್ಲಿ ಅವರು. ಮಧ್ಯದ ಹದಿನೆಂಟು ಮೆಟ್ಟಿಲೂ ಒಂದೇ ಎತ್ತರ ಇವೆ ಎಂಬುದನ್ನು ಮನೆಗೆ ಬಂದ ನೆಂಟರಿಗೆಲ್ಲ ತೋರಿಸಿದ ನಂತರವೇ ಕಾಫಿ. ಪ್ಯಾಂಟಿನ ಬಲಜೇಬಿನಲ್ಲಿ ಸದಾ ಒಂದು ಟೇಪು. ನನ್ನ ಮಗ ಹುಟ್ಟಿದಾಗ ಆಸ್ಪತ್ರೆಗೆ ಬಂದವರೆಲ್ಲ ಮಗು ಯಾರ ಹಾಗಿದೆ ಎಂದು ಚರ್ಚಿಸುತ್ತಿದ್ದರೆ, ಇವರು ನರ್ಸನ್ನು ಪಕ್ಕಕ್ಕೆ ಕರೆದು ಕೇಳಿದರು, “ಉದ್ದ ಎಷ್ಟಮ್ಮ?”

“ಹತ್ತೊಂಬತ್ತೂವರೆ ಇಂಚು ಸಾರ್.”

“ಇನ್ನರ್ಧ ಇಂಚ್ ಇದ್ದಿದ್ರೆ ರೌಂಡ್ ಆಗೋದು,” ಎಂದು ನನ್ನ ಕಡೆ ನೋಡಿದರು. ನಾನು ಕ್ಷಮೆ ಕೇಳಿದೆ.

ಇಂಥವರು ನಮ್ಮನ್ನು ಎರಡು ದಿನದ ಮಜಾ ಮಾಡಲು ಕರೆದುಕೊಂಡು ಹೋದ ಕತೆ ಇದು. ಅದು ಶುರುವಾದದ್ದು ಹೋದ ದೀಪಾವಳಿ ಆದ ಮೇಲೆ. ಭಾವನ ಮಗ ಚಂದು ಮತ್ತು ನನ್ನ ಮಗ ಪ್ರಣವ್ ಇಬ್ಬರೂ ಶಾಲೆಯ ಟ್ರಿಪ್ಪಿನಲ್ಲಿ ಊರಿನ ಆ ತುದಿಯ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿ ಬಂದಿದ್ದರು. ಬಂದವರು ಸುಮ್ಮನಿದ್ದಾರೆಯೇ? ಅಲ್ಲಿ ಒಂದು ಹಡಗಿದೆ, ತೊಟ್ಟಿಲಿನ ಹಾಗೆ ತೂಗುತ್ತದೆ, ಮೇಲೆ ಹೋದಾಗ ಹೊಟ್ಟೆ ಕೆಳಗೇ ಉಳಿಯುತ್ತದೆ ಎಂದೆಲ್ಲ ಬಣ್ಣಿಸಿದ್ದೇ ಬಣ್ಣಿಸಿದ್ದು. ಆರು ವರ್ಷದ ನನ್ನ ಮಗಳು ಜಾನು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು.

“ನಾನೂ ಹೋಗ್ತೀನಿ,” ಎಂದಳು.

“ನಿನ್ನ ಬಿಡಲ್ಲ ಕಣೇ,” ಎಂದ ಚಂದು. “ನಾಲ್ಕಡಿ ಇರ್ಬೇಕು. ಅಲ್ಲಿ ಒಂದು ಕಂಬ ಇರತ್ತೆ, ಅದರ ಪಕ್ಕ ನಿಲ್ಲಿಸ್ತಾರೆ. ಗೆರೆಗೆ ತಲೆ ಸಿಗ್ಲಿಲ್ಲ ಅಂದ್ರೆ ವಾಪಸ್.”

ಜಾನು ಅಳುತ್ತ ಹದಿನೆಂಟು ಮೆಟ್ಟಿಲು ಹತ್ತಿ ಹೈಕೋರ್ಟಿಗೆ ಹೋದಳು. ಭಾವ ಅಹವಾಲು ಕೇಳಿ, ಅಲ್ಲೇ ತೀರ್ಪು ಕೊಟ್ಟರು. “ಬೇಸಿಗೆ ರಜಕ್ಕೆ ಎಲ್ಲಾರ್ನೂ ನಾನ್ ಕರ್ಕೊಂಡೋಗ್ತೀನಿ. ಎರಡು ದಿನ. ಆ ಅಡಗಲ್ಲಿ ನೀನು ನನ್ ಪಕ್ಕ ಕೂತ್ಕೋತೀಯ. ಇದು ನನ್ ಮಾತು ಕಣವ್ವ.”

ಭಾವ ‘ನನ್ ಮಾತು’ ಎಂದರೆ ಮುಗಿಯಿತು. ಜಾನು ಅಂದಿನಿಂದ ಕಾಲು ಮಡಚಿ ಮಲಗುವುದನ್ನೇ ಬಿಟ್ಟಳು. ಬೆಳೆಯಲು ಜಾಗ ಬೇಕಲ್ಲ!

ಮರುದಿನವೇ ಮೂರೂ ಮಕ್ಕಳನ್ನು ಹಿಂದಿನ ಬೀದಿಯಲ್ಲಿ ತಾವು ಕಟ್ಟಿಸುತ್ತಿದ್ದ ಮನೆಗೆ ಕರೆದೊಯ್ದರು. ಆಗಿನ್ನೂ ಬರೀ ಗಾರೆ ಬಳಿದ ಕಂಬ, ಗೋಡೆ, ಒರಟು ನೆಲ. ಮೊದಲನೇ ಮಹಡಿಯ ಕಂಬವೊಂದರ ಮೇಲೆ ನೆಲದಿಂದ ಸರಿಯಾಗಿ ನಾಲ್ಕಡಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದರು. ಅಲ್ಲಿದ್ದ ಮೇಸ್ತ್ರಿ ನೀರು ತುಂಬಿದ ಲೆವೆಲ್ ಟ್ಯೂಬ್ ಹಿಡಿದು ಗೆರೆ ಓರೆಯಾಗಿಲ್ಲವೆಂದು ಸಾಕ್ಷಿ ಹೇಳಿದ. ಜಾನು ಗೆರೆಗಿಂತ ನಾಲ್ಕು ಇಂಚು ಕಡಿಮೆ ಇದ್ದಳು. ಹುಡುಗರಿಬ್ಬರಿಗೂ ಅವರವರ ನೆತ್ತಿಯ ಎತ್ತರಕ್ಕೆ ಗುರುತು ಬಿತ್ತು. ಫ್ಲಾಸ್ಕಿನಲ್ಲಿ ಟೀ ತಂದ ತಪ್ಪಿಗೆ ಅಕ್ಕನನ್ನೂ, ಅಂದರೆ ಭಾವನ ಹೆಂಡತಿಯನ್ನೂ, ಕಂಬಕ್ಕೆ ಒರಗಿಸಿ ಗುರುತು ಹಾಕಿದರು.

ಆಮೇಲೆ ನಮ್ಮ ಮನೆಯಲ್ಲಿ ಬೆಳವಣಿಗೆಯ ಕಾಮಗಾರಿ ಆರಂಭವಾಯಿತು. ಎರಡು ಹೊತ್ತು ರಾಗಿ ಮಾಲ್ಟ್. ಬಾಗಿಲ ಚೌಕಟ್ಟಿಗೆ ಒಂದು ಕಂಬಿ ಬಂತು. ಬೆಳಿಗ್ಗೆ ಮೂರು ಮಕ್ಕಳೂ ಅದಕ್ಕೆ ಸರದಿಯಂತೆ ನೇತಾಡಬೇಕು. ನಾನು ಹಾಲು ತರಲು ಹೋಗುವಾಗ ಬಗ್ಗಿ ಹೋಗುತ್ತಿದ್ದೆ.

ಇನ್ನು ಪ್ರವಾಸದ ತಯಾರಿ. ಕಟ್ಟಡದವರಿಗೆ ಮೋಲ್ಡ್ ಹಾಕುವ ದಿನವೆಂದರೆ, ಅಂದರೆ ಛಾವಣಿಗೆ ಕಾಂಕ್ರೀಟ್ ಸುರಿಯುವ ದಿನವೆಂದರೆ, ಮದುವೆಗಿಂತ ದೊಡ್ಡದು. ಒಮ್ಮೆ ಶುರು ಮಾಡಿದರೆ ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಜನ ಕೈಕೊಟ್ಟರೆ ಬದಲಿ ಜನ, ಮಿಕ್ಸರ್ ಕೆಟ್ಟರೆ ಬದಲಿ ಮಿಕ್ಸರ್, ಎಲ್ಲರ ಊಟವೂ ಜಾಗಕ್ಕೇ ಬರಬೇಕು. ದೊಡ್ಡ ಕೆಲಸವೊಂದನ್ನು ಮಾಡುವ ರೀತಿ ಭಾವನಿಗೆ ಇದೊಂದೇ ಗೊತ್ತಿರುವುದು. ನಮ್ಮ ರಜೆಯೂ ಒಂದು ಮೋಲ್ಡ್ ಆಯಿತು. ಪ್ರತಿ ಭಾನುವಾರ ಮೀಟಿಂಗ್!

“ಎರಡು ಕಾರ್ ಯಾಕೆ ಭಾವ? ಏಳು ಜನ ನಿಮ್ಮ ಗಾಡೀಲೇ ಹಿಡೀತೀವಲ್ಲ?” ಎಂದು ಕೇಳಿದೆ.

“ಸ್ಟ್ಯಾಂಡ್‌ಬೈ ಕಣಮ್ಮ. ಒಂದು ಕೆಟ್ರೆ ಏನ್ ಮಾಡ್ತೀಯ?”

“ಎರಡೂ ಕೆಟ್ರೆ?” ಎಂದೆ, ತಮಾಷೆಗೆ.

ಭಾವ ನನ್ನನ್ನು ಮೊದಲ ಸಲ ಗೌರವದಿಂದ ನೋಡಿದರು. ಮರುದಿನ ಬಾಗಲೂರಿನಿಂದ ಒಬ್ಬ ಟೆಂಪೋದವನು ಫೋನ್ ಮಾಡಿ, “ಅಕ್ಕಾ, ಪಾರ್ಕಿಗೆ ಎಷ್ಟೊತ್ತಿಗೆ ರೆಡಿ ಇರ್ಬೇಕು?” ಎಂದು ಕೇಳಿದ.

ಮಾರ್ಚ್‌ನಲ್ಲಿ ರಿಹರ್ಸಲ್ ನಡೆಯಿತು. ಪಾರ್ಕಿನಲ್ಲಿ ಕ್ಯೂ ನಿಲ್ಲಬೇಕಲ್ಲ, ಅದಕ್ಕೆ ಅಭ್ಯಾಸ ಬೇಡವೇ? ತಾರಸಿಯ ಮೇಲೆ ಬಿಸಿಲಿನಲ್ಲಿ ನಲವತ್ತು ನಿಮಿಷ ನಾವು ಒಬ್ಬರ ಹಿಂದೆ ಒಬ್ಬರು ನಿಂತೆವು. ಸಾಲಿನ ಆ ತುದಿಯಲ್ಲಿ ಏನೂ ಇರಲಿಲ್ಲ, ನೀರಿನ ಟ್ಯಾಂಕ್ ಇತ್ತು. ಕುಕ್ಕರ್ ಕೂಗಿತೆಂದು ಕೆಳಗೆ ಓಡಿದ ಅಕ್ಕ ವಾಪಸು ಬಂದು ತನ್ನ ಜಾಗದಲ್ಲಿ ನಿಲ್ಲಲು ಹೋದರೆ, “ಲೈನ್ ಇಂದ್ಗಡೆಯಿಂದ ಬಾ” ಎಂದು ಹಿಂದಕ್ಕೆ ಕಳುಹಿಸಿದರು. ಪಕ್ಕದ ಮನೆಯವರು ತಮ್ಮ ತಾರಸಿಯಿಂದ ಸ್ವಲ್ಪ ಹೊತ್ತು ನೋಡಿ, “ಏನ್ ಕೊಡ್ತಿದಾರೆ?” ಎಂದು ಕೇಳಿದರು.

ತಿಂಡಿ ತಿಂದು ಎಷ್ಟು ಹೊತ್ತಾದ ಮೇಲೆ ಹಡಗು ಹತ್ತಿದರೆ ವಾಂತಿಯಾಗುವುದಿಲ್ಲ ಎಂಬುದೂ ಇತ್ಯರ್ಥವಾಗಬೇಕಿತ್ತು. ಮರಳು ಸಾಗಿಸುವ ತಳ್ಳುಗಾಡಿಯಲ್ಲಿ ಮನುಷ್ಯನೊಬ್ಬನನ್ನು ಕೂರಿಸಿ ಪಾರ್ಕಿಂಗಿನ ಇಳಿಜಾರಿನಲ್ಲಿ ಹಿಂದೆ ಮುಂದೆ ಓಡಿಸಿ ಪರೀಕ್ಷೆ ಮಾಡಿದರು. ಇಪ್ಪತ್ತು ನಿಮಿಷಕ್ಕೆ ವಾಂತಿಯಾಗುತ್ತದೆ, ನಲವತ್ತಕ್ಕೆ ಆಗುವುದಿಲ್ಲ ಎಂದು ತಿಳಿದುಬಂತು. ಆ ಮನುಷ್ಯ ನನ್ನ ಗಂಡ.

ಏಪ್ರಿಲ್‌ನಲ್ಲಿ, ಹೊರಡುವುದಕ್ಕೆ ಒಂದು ವಾರ ಮುಂಚೆ, ಕೊನೆಯ ಅಳತೆ. ಅಷ್ಟರಲ್ಲಿ ಆ ಹೊಸ ಮನೆಯ ಕೆಲಸ ಬಹಳ ಮುಂದುವರಿದಿತ್ತು. ನೆಲಕ್ಕೆ ಗ್ರಾನೈಟ್ ಬಿದ್ದು ಫಳಫಳ ಹೊಳೆಯುತ್ತಿತ್ತು; ಗೋಡೆಗೆ ಬಣ್ಣ ಮಾತ್ರ ಬಾಕಿ. ಜಾನು ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಭಾವ ಅವಳ ನೆತ್ತಿಯ ಮೇಲೆ ಮಟ್ಟವಾಗಿ ಒಂದು ಪಟ್ಟಿಯಿಟ್ಟು ನೋಡಿದರು. ಕೆಂಪು ಗೆರೆಗೆ ಸರಿಯಾಗಿ ತಾಗಿತು.

“ನಾಲ್ಕಡಿ!” ಎಂದು ಕೂಗಿದರು. ಜಾನು ಆ ಕೋಣೆಯ ಸುತ್ತ ನಾಲ್ಕು ಸಲ ಓಡಿದಳು. ಕೆಲಸದವರಿಗೆಲ್ಲ ಜಿಲೇಬಿ ಬಂತು. ಹುಡುಗರನ್ನು ನಿಲ್ಲಿಸಿದರೆ ಅವರೂ ನಾಲ್ಕು ನಾಲ್ಕು ಇಂಚು ಬೆಳೆದಿದ್ದರು. ಅಕ್ಕ ಹೋಗಿ ನಿಂತರೆ ಅವರೂ ತಮ್ಮ ಗುರುತಿಗಿಂತ ಮೂರು ಇಂಚು ಮೇಲೆ! ಅಕ್ಕನಿಗೆ ನಲವತ್ತನಾಲ್ಕು ವರ್ಷ.

“ಏನ್ರೀ ಇದು?” ಎಂದರು ಅಕ್ಕ.

“ಯೋಗಕ್ಕೆ ಓಗ್ತಿದೀಯಲ್ಲ,” ಎಂದರು ಭಾವ.

ಅಕ್ಕನಿಗೆ ಸಮಾಧಾನವಾಯಿತು. ಅಲ್ಲಿ ನಾನೂ ನನ್ನ ಗಂಡನೂ ಇದ್ದೆವು. ಇಬ್ಬರೂ ಇಂಜಿನಿಯರಿಂಗ್ ಓದಿದವರು. ನಮಗೂ ಯಾವ ಅನುಮಾನವೂ ಬರಲಿಲ್ಲ. ನಾನಂತೂ ಸೋಮವಾರದಿಂದ ಯೋಗಕ್ಕೆ ಸೇರುವುದೆಂದು ತೀರ್ಮಾನಿಸಿದೆ.

ಹೊರಡುವ ಬೆಳಿಗ್ಗೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು, ಸ್ಟ್ಯಾಂಡ್‌ಬೈ ಕಾರಿಗೂ ನಿಂಬೆಹಣ್ಣು. ಐದೂವರೆಗೆ ಹೆಬ್ಬಾಳದ ಫ್ಲೈಓವರ್ ಹತ್ತಿದೆವು. ಅದು ಖಾಲಿ ಇರುವುದನ್ನು ನೋಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಪಾರ್ಕಿನ ಗೇಟಿನ ಮುಂದೆ ನಿಂತಾಗ ಆರು ಮುಕ್ಕಾಲು. ಗೇಟು ತೆರೆಯುವುದು ಹತ್ತೂವರೆಗೆ ಎಂದು ಬೋರ್ಡಿನಲ್ಲಿತ್ತು. “ನೋಡಿದ್ರಾ, ನಾವೇ ಫಸ್ಟು,” ಎಂದರು ಭಾವ. ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದು ಗಾರ್ಡ್ ಹೇಳಿದ. ಅಕ್ಕ ಅರವತ್ತು ಚಪಾತಿ ಮಾಡಿ ತಂದಿದ್ದರು. ಪಾರ್ಕಿಂಗಿನಲ್ಲಿ ಜಮಖಾನ ಹಾಸಿ ನಾವು ತಿಂದೆವು, ಗಾರ್ಡ್‌ಗಳು ಮೂವರು ತಿಂದರು, ಕಸ ಗುಡಿಸುವ ಹೆಂಗಸರು ತಿಂದರು, ಸ್ಟ್ಯಾಂಡ್‌ಬೈ ಕಾರಿನ ಡ್ರೈವರ್ ಎರಡು ಸಲ ತಿಂದ. ಅಷ್ಟರಲ್ಲಿ ಭಾವ ಕಾಂಪೌಂಡಿನ ಸುತ್ತ ಒಂದು ಸುತ್ತು ಹೊಡೆದು ಬಂದು, ಹಿಂಭಾಗದ ಗೋಡೆ ಅರ್ಧ ಇಂಚು ವಾಲಿದೆ ಎಂದು ಗಾರ್ಡ್‌ಗೆ ವರದಿ ಒಪ್ಪಿಸಿದರು. ಅವನು ಚಪಾತಿ ತಿಂದಿದ್ದನಾದ್ದರಿಂದ ಬರೆದುಕೊಂಡ.

ಹತ್ತೂವರೆಗೆ ಗೇಟು ತೆರೆದದ್ದೇ ತಡ, ನೇರ ಹಡಗಿನ ಹತ್ತಿರ. ನಿಜಕ್ಕೂ ಭರ್ಜರಿ ಹಡಗು. ಜಾನು ದೊಡ್ಡಪ್ಪನ ಕೈಬೆರಳು ಹಿಡಿದು ಮುಂದೆ ನಿಂತಿದ್ದಳು. ನೀಲಿ ಟೀ ಶರ್ಟಿನ ಹುಡುಗಿಯೊಬ್ಬಳು ಅವಳನ್ನು ಕಂಬದ ಪಕ್ಕ ನಿಲ್ಲಿಸಿ ನೋಡಿದಳು.

“ಸಾರ್, ಪಾಪು ಹೈಟ್ ಕಮ್ಮಿ ಇದೆ.”

“ಏನ್ ಕಮ್ಮಿ? ನಾಲ್ಕಡಿ ಇದಾಳೆ. ನಾನೇ ಅಳ್ದಿದೀನಿ.”

“ಸಾರಿ ಸಾರ್. ಬಿಡೋ ಹಾಗಿಲ್ಲ.”

“ನಿಮ್ ಕಂಬನೇ ಸರಿಗಿಲ್ಲ,” ಎಂದು ಭಾವ ಟೇಪು ತೆಗೆದರು. ಕಂಬದ ಗೆರೆ ನೆಲದಿಂದ ಸರಿಯಾಗಿ ನಾಲ್ಕಡಿಗೆ ಇತ್ತು. ನೆಲವೇ ಓರೆಯಿರಬೇಕೆಂದು ನೀರಿನ ಬಾಟಲಿಯನ್ನು ಅಡ್ಡ ಮಲಗಿಸಿ ನೋಡಿದರು. ನೆಲವೂ ಮಟ್ಟವಾಗಿತ್ತು. ಕೊನೆಗೆ ಜಾನುವನ್ನು ಹಿಮ್ಮಡಿಯಿಂದ ನೆತ್ತಿಯವರೆಗೆ ಅಳೆದರು. ಮೂರಡಿ ಒಂಬತ್ತು ಇಂಚು. ಇನ್ನೊಮ್ಮೆ ಅಳೆದರು. ಮೂರಡಿ ಒಂಬತ್ತು. ಹಿಂದಿನ ಸಾಲಿನಿಂದ ಯಾರೋ, “ಗುರು, ಬೇಗ ಆಗ್ಲಿ” ಎಂದು ಕೂಗಿದರು.

ಭಾವ ತಮ್ಮ ಕಾಲಡಿಯ ನೆಲ ನೋಡಿದರು. ಮೆಲ್ಲಗೆ, “ಫ್ಲೋರಿಂಗು,” ಎಂದರು.

ಆಗ ನಮಗೆಲ್ಲ ಹೊಳೆಯಿತು. ಗೆರೆ ಎಳೆದದ್ದು ಒರಟು ನೆಲದಿಂದ. ಆಮೇಲೆ ಅದರ ಮೇಲೆ ಗಾರೆ, ಗಾರೆಯ ಮೇಲೆ ಗ್ರಾನೈಟು, ಒಟ್ಟು ಮೂರು ಇಂಚು. ಬೆಳೆದದ್ದು ನೆಲ! ಇಪ್ಪತ್ತೆರಡು ವರ್ಷದಿಂದ ನೆಲ ಹಾಕಿಸುತ್ತಿರುವವರು, ತಾವೇ ನಿಂತು ಹಾಕಿಸಿದ ನೆಲವನ್ನು ಮರೆತಿದ್ದರು. ನನ್ನ ಗಂಡ ನಕ್ಕುಬಿಟ್ಟರು. ಚಂದು, “ಹಂಗಾದ್ರೆ ಅಮ್ಮನೂ ಬೆಳೆದಿಲ್ವಾ?” ಎಂದು ಕೇಳಿದ. ಅಕ್ಕ ಅವನ ತಲೆಗೊಂದು ಮೊಟಕಿದರು.

ಜಾನು ಮಾತ್ರ ನಗಲಿಲ್ಲ. “ದೊಡ್ಡಪ್ಪ, ನಾನು ಬೆಳೀಲೇ ಇಲ್ವಾ?” ಎಂದಳು. “ಮಾಲ್ಟ್ ಎಲ್ಲಾ ಕುಡಿದೆ. ನೇತಾಡಿದೆ. ನೀನು ಮಾತು ಕೊಟ್ಟಿದ್ದೆ.”

ಮುಂದೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮ್ಯಾನೇಜರನ್ನು ಕರೆಸುತ್ತಾರೆ, ಜಗಳವಾಗುತ್ತದೆ. ಗೋಡೆ ಸೊಟ್ಟಗಿದ್ದರೆ ಅದನ್ನು ನೋಡುವವರು ಸೊಟ್ಟಗೆ ನಿಂತಿದ್ದಾರೆ ಎನ್ನುವ ಮನುಷ್ಯ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಒಂದು ದಿನವೂ ಅವರ ಬಾಯಲ್ಲಿ ‘ತಪ್ಪಾಯಿತು’ ಎಂಬ ಮಾತು ನಾನು ಕೇಳಿಲ್ಲ.

ಭಾವ ಅಷ್ಟೂ ಜನರ ಎದುರು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲಿ, ನೆಲದ ಮೇಲೆ ಕೂತರು.

“ಇಲ್ನೋಡು ಕಣವ್ವ. ನೀನು ಒಂದಿಂಚು ಬೆಳ್ದಿದೀಯ. ಐದ್ ತಿಂಗಳಿಗೆ ಒಂದಿಂಚು, ಸರಿಯಾಗೇ ಬೆಳ್ದಿದೀಯ. ಮಿಕ್ಕಿದ್ ಮೂರಿಂಚು ನಾನ್ ಆಕ್ಸಿದ್ ನೆಲ. ನೀನ್ ಮಾಡ್ಬೇಕಾಗಿದ್ದೆಲ್ಲ ಮಾಡ್ದೆ. ತಪ್ಪು ನಂದು. ಮಾತು ಕೊಟ್ಟು ನಾನ್ ತಪ್ದೆ.” ಅವಳ ಎರಡೂ ಕೈ ಹಿಡಿದುಕೊಂಡರು. “ಅಳ್ಬೇಡ ಅನ್ನಲ್ಲ. ಅಳು ಬಂದ್ರೆ ಅತ್ಬಿಡು.”

ಜಾನು ಅವರ ಕುತ್ತಿಗೆಗೆ ಜೋತುಬಿದ್ದು ಅತ್ತಳು. ಐದು ತಿಂಗಳು ಕಾಲು ಚಾಚಿ ಮಲಗಿದ್ದ ಮಗುವಿನ ಅಳು ಅದು. ಭಾವ ಅವಳ ಬೆನ್ನು ಸವರುತ್ತಿದ್ದರು. ನೀಲಿ ಟೀ ಶರ್ಟಿನ ಹುಡುಗಿಗೇ ಮನಸ್ಸು ತಡೆಯಲಿಲ್ಲ. “ಸಾರ್, ನೀವು ಹೋಗಿ ಬನ್ನಿ, ಪಾಪುನ ನಾನು ನೋಡ್ಕೋತೀನಿ,” ಎಂದಳು.

ಭಾವ ಏಳಲು ಹೋದರೋ ಇಲ್ಲವೋ ಗೊತ್ತಿಲ್ಲ. ಜಾನು ಮೂಗೊರೆಸಿಕೊಂಡು ಅವರ ಭುಜ ಒತ್ತಿ ಹಿಡಿದಳು.

“ಏಳ್ಬೇಡ ದೊಡ್ಡಪ್ಪ. ಕೂತೇ ಇರು. ಹಿಂದಕ್ಕೆ ಬಾ.”

ಕೂತಲ್ಲಿಂದಲೇ ಅವರನ್ನು ಸರಿಸಿ ಸರಿಸಿ ಕಂಬಕ್ಕೆ ಒರಗಿಸಿದಳು. ಅರ್ಧ ನರೆತ ಆ ತಲೆಯ ಮೇಲೆ ಅಂಗೈಯನ್ನು ಮಟ್ಟವಾಗಿಟ್ಟು, ಮೇಲಿದ್ದ ಗೆರೆಯನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡಿದಳು.

“ನೀನೂ ಕಮ್ಮಿ ಇದೀಯ. ನಿನ್ನನ್ನೂ ಬಿಡಲ್ಲ.”

“ಎಷ್ಟು ಕಮ್ಮಿ?”

“ತುಂಬಾ.”

“ಸರಿ,” ಎಂದರು ಭಾವ. ಯಾವ ವಾದವನ್ನೂ ಮಾಡಲಿಲ್ಲ. ಕಂಬದಿಂದ ಪಕ್ಕಕ್ಕೆ ಸರಿದು ಅವಳಿಗೂ ಜಾಗ ಮಾಡಿಕೊಟ್ಟರು. ಸಾಲು ಮುಂದೆ ಹೋಗತೊಡಗಿತು.

ನನ್ನ ಸರದಿ ಬಂದಾಗ ನನ್ನ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಆ ಹುಡುಗಿ ನೋಡಿ, “ಮೇಡಂ, ಭಯ ಆದ್ರೆ ಹತ್ಬೇಡಿ,” ಎಂದಳು. ಭಯವೇನೂ ಇರಲಿಲ್ಲ. ಆ ಮನುಷ್ಯನನ್ನು ಇಷ್ಟು ವರ್ಷ ಬರೀ ತಮಾಷೆಯಾಗಿ ನೋಡಿದೆನಲ್ಲ ಎಂದು ನಾಚಿಕೆಯಾಗಿತ್ತು, ಅವರ ಮೇಲೆ ಹೇಳಲಾರದಷ್ಟು ಪ್ರೀತಿ ಬಂದಿತ್ತು. ಸಾಲು ಬಿಟ್ಟು ಬಂದು ಅವರಿಬ್ಬರ ಪಕ್ಕ ನೆಲದ ಮೇಲೆ ಕೂತೆ.

ಜಾನು ಎದ್ದು ಬಂದು ನನ್ನ ತಲೆಯ ಮೇಲೂ ಅಂಗೈ ಇಟ್ಟು ನೋಡಿದಳು.

“ಅಮ್ಮನೂ ನಾಲ್ಕಡಿ ಇಲ್ಲ ದೊಡ್ಡಪ್ಪ,” ಎಂದು ಹೇಳಿ, ನಮ್ಮಿಬ್ಬರ ಮಧ್ಯೆ ಕೂತುಕೊಂಡಳು.